ಗೌಂಡಿಯ ಚೀಟಿಯಲ್ಲೊಂದು ಇತಿಹಾಸ



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ - ಇವುಗಳಲ್ಲಿ ಯಾವ ಊರಿನ ಪೇಟೆಗಾದರೂ ಹೋಗಿ, ಹಾರ್ಡ್‌ವೇರ್ ಅಂಗಡಿಯ ಎದುರು ಹತ್ತು ನಿಮಿಷ ನಿಂತು ನೋಡಿ. ಮನೆ ಕಟ್ಟಿಸುತ್ತಿರುವವರೊಬ್ಬರು ಬಂದು, ಗೌಂಡಿ ಬರೆದುಕೊಟ್ಟ ಚೀಟಿಯನ್ನು ಅಂಗಡಿಯವರ ಕೈಗೆ ಕೊಡುತ್ತಾರೆ. ಅದರಲ್ಲಿ ಹೀಗೆ ಬರೆದಿರುತ್ತದೆ: ಒರಿಸ್ಸಾ ಪ್ಯಾನ್ ಒಂದು, ಪಿ ಟ್ರ್ಯಾಪ್ ಒಂದು, ನಹಾನಿ ಟ್ರ್ಯಾಪ್ ಒಂದು, ಸಿಸ್ಟರ್ನ್ ಒಂದು, ನಾಲ್ಕಿಂಚಿನ ಪೈಪು ಮೂರು, ಎಲ್ಬೋ ಎರಡು, ಟೀ ಒಂದು, ಕೌಲ್ ಒಂದು. ಅಂಗಡಿಯ ಹುಡುಗ ಒಂದೊಂದನ್ನೇ ತಂದು ಇಡುತ್ತಾನೆ. ಹಣ ಎಣಿಸಿಕೊಟ್ಟು, ಸಾಮಾನು ಗಾಡಿಗೆ ಹೇರಿಕೊಂಡು ಹೋಗುತ್ತಾರೆ.

ಮನೆಯಲ್ಲಿ ಈ ಮಾತು ಎತ್ತಿದರೆ ಹಿರಿಯರು ಗದರುತ್ತಾರೆ. ತರಗತಿಯಲ್ಲಿ ಎತ್ತಿದರೆ ಗೆಳೆಯರು ನಗುತ್ತಾರೆ. ಆದ್ದರಿಂದಲೇ ನಾವು ದಿನವೂ ಬಳಸುವ ಒಂದು ಯಂತ್ರದ ಭಾಗಗಳ ಹೆಸರು ನಮ್ಮಲ್ಲಿ ಅನೇಕರಿಗೆ ಗೊತ್ತಿರುವುದಿಲ್ಲ. ಹೌದು, ಶೌಚಾಲಯ ಒಂದು ಯಂತ್ರವೇ. ಅದಕ್ಕೆ ವಿದ್ಯುತ್ತು ಬೇಡ, ಎಣ್ಣೆ ಬೇಡ. ಒಂದಿಷ್ಟು ನೀರು ಮತ್ತು ಭೂಮಿಯ ಗುರುತ್ವಾಕರ್ಷಣೆ ಸಾಕು. ಆ ಚೀಟಿಯ ಒಂದೊಂದು ಸಾಲಿನ ಹಿಂದೆಯೂ ನೂರಾರು ವರ್ಷಗಳ ಪ್ರಯತ್ನವಿದೆ. ಎಲ್ಲ ಪ್ರಯತ್ನಗಳೂ ಉತ್ತರಿಸಲು ಹೊರಟ ಪ್ರಶ್ನೆ ಒಂದೇ: ನಮ್ಮ ಮೈಯಿಂದ ಹೊರಬಿದ್ದದ್ದನ್ನು ಯಾರು ಹೊರಬೇಕು, ಎಲ್ಲಿಗೆ ಒಯ್ಯಬೇಕು? ಬನ್ನಿ, ಚೀಟಿಯನ್ನು ಒಮ್ಮೆ ಓದೋಣ.

ಹೆಸರುಗಳ ಕಥೆ

ಮೊದಲು ಕೋಣೆಯ ಹೆಸರನ್ನೇ ನೋಡಿ. ಗಡಿಭಾಗದ ಈ ತಾಲ್ಲೂಕುಗಳಲ್ಲಿ ಅದು ‘ಸಂಡಾಸ’. ಗಡಿಯಾಚೆ ಕಾಗಲ, ಮಿರಜ, ಜತ್ತಗಳ ಮರಾಠಿಯಲ್ಲೂ ಅದೇ ಮಾತು. ಮೈಸೂರು ಕಡೆಗೆ ಹೋದರೆ ‘ಕಕ್ಕಸು’ ಎನ್ನುತ್ತಾರೆ. ಇದು ಡಚ್ ವ್ಯಾಪಾರಿಗಳ ಭಾಷೆಯಿಂದ ಬಂದ ಪದ ಎಂದು ಭಾಷಾತಜ್ಞರು ಹೇಳುತ್ತಾರೆ. ತಮಿಳಿನಲ್ಲೂ ಸಿಂಹಳದಲ್ಲೂ ಇದರ ಬಂಧುಗಳಿವೆ. ‘ಪಾಯಖಾನೆ’ ಪಾರಸಿಯಿಂದ ಬಂದದ್ದು. ‘ಲ್ಯಾಟ್ರಿನ್’ ಎಂಬುದರ ಮೂಲ ಲ್ಯಾಟಿನ್ ಭಾಷೆಯ ತೊಳೆಯುವ ಕೋಣೆ. ‘ಟಾಯ್ಲೆಟ್’ ಎಂಬುದಕ್ಕೆ ಫ್ರೆಂಚಿನಲ್ಲಿ ಮೊದಲು ಇದ್ದ ಅರ್ಥ ಒಂದು ಬಟ್ಟೆಯ ತುಂಡು. ‘ಕಮೋಡ್’ ಕೂಡ ಫ್ರೆಂಚರದೇ. ಅದು ಮೊದಲಿಗೆ ಖಾನೆಗಳಿದ್ದ ಒಂದು ಪೀಠೋಪಕರಣ. ನಮ್ಮ ‘ಶೌಚಾಲಯ’ವೆಂದರೆ ಶುಚಿಯ ಮನೆ. ಈ ಹೆಸರುಗಳಲ್ಲಿ ಹೆಚ್ಚಿನವು ಆ ಕೆಲಸವನ್ನು ನೇರವಾಗಿ ಹೇಳುವುದಿಲ್ಲ ಎಂಬುದನ್ನು ಗಮನಿಸಿ.

ಇನ್ನೂ ಹಳೆಯ ಮಾತೊಂದಿದೆ. ‘ಹೊರಕಡೆಗೆ ಹೋಗುವುದು’, ‘ತಂಬಿಗೆ ಹಿಡಿದು ಹೋಗುವುದು’. ಇಲ್ಲಿ ಕೋಣೆಯೇ ಇಲ್ಲ; ಬಯಲು ಮತ್ತು ತಂಬಿಗೆ ಮಾತ್ರ ಇವೆ. ಇದು ಬಹಳ ಹಿಂದಿನ ಕಥೆ ಎಂದುಕೊಳ್ಳಬೇಡಿ. 2011ರ ಜನಗಣತಿಯಲ್ಲಿ ಮನೆಯ ಆವರಣದೊಳಗೆ ಶೌಚಾಲಯವಿದ್ದ ಕುಟುಂಬಗಳು ಕರ್ನಾಟಕದಲ್ಲಿ ಶೇಕಡಾ 51.2 ಮಾತ್ರ, ಭಾರತದಲ್ಲಿ ಶೇಕಡಾ 46.9. ಹೆಣ್ಣುಮಕ್ಕಳಿಗೆ ಈ ಅಂಕಿಯ ಅರ್ಥವೇ ಬೇರೆ. ಬೆಳಕು ಹರಿಯುವ ಮೊದಲು ಇಲ್ಲವೆ ಕತ್ತಲಾದ ಮೇಲೆ, ನಡುವಿನ ಹೊತ್ತಿನಲ್ಲಿ ತಡೆದುಕೊಳ್ಳುವುದು, ತಡೆದುಕೊಳ್ಳಲೆಂದೇ ನೀರು ಕಡಿಮೆ ಕುಡಿಯುವುದು.

ಇನ್ನು ‘ಪ್ಲಂಬರ್’. ಲ್ಯಾಟಿನ್ ಭಾಷೆಯಲ್ಲಿ ಪ್ಲಂಬಂ ಎಂದರೆ ಸೀಸ. ರೋಮನ್ನರು ನೀರಿನ ಕೊಳವೆಗಳನ್ನು ಸೀಸದಿಂದ ಮಾಡುತ್ತಿದ್ದರು. ಸೀಸದ ಕೆಲಸಗಾರನೇ ಪ್ಲಂಬರ್. ರಸಾಯನಶಾಸ್ತ್ರ ಓದುವವರಿಗೆ ಸೀಸದ ಸಂಕೇತ ಪಿ.ಬಿ. ಎಂದು ಏಕಿದೆ ಎಂಬುದೂ ಈಗ ತಿಳಿಯಿತಲ್ಲವೆ? ಚೀಟಿಯಲ್ಲಿದ್ದ ‘ನಹಾನಿ ಟ್ರ್ಯಾಪ್’ ಮಾತ್ರ ನಮ್ಮ ಕಡೆಯ ಹೆಸರು. ಮರಾಠಿಯಲ್ಲಿ ‘ನ್ಹಾಣಿ’ ಎಂದರೆ ಬಚ್ಚಲು. ಬಚ್ಚಲ ನೆಲದಲ್ಲಿ ಜಾಲರಿಯ ಕೆಳಗೆ ಕೂರುವ ಬಟ್ಟಲಿಗೆ ಆ ಹೆಸರೇ ನಿಂತು, ಭಾರತದ ಎಂಜಿನಿಯರಿಂಗ್ ಪುಸ್ತಕಗಳಿಗೂ ಹೋಯಿತು.

ಪ್ಯಾನ್ ಮತ್ತು ಟ್ರ್ಯಾಪ್

ಕುಕ್ಕರಗಾಲಿನಲ್ಲಿ ಕೂರುವ ಭಾರತೀಯ ಪದ್ಧತಿಯ ಪಿಂಗಾಣಿ ತೊಟ್ಟಿಗೆ ಪ್ಯಾನ್ ಎನ್ನುತ್ತಾರೆ. ಪಾದ ಇಡುವ ಜಾಗವೂ ಸೇರಿ ಒಂದೇ ತುಂಡಾಗಿರುವುದು ಒರಿಸ್ಸಾ ಪ್ಯಾನ್. ಕುರ್ಚಿಯಂತೆ ಕೂರುವುದು ಯುರೋಪಿಯನ್ ಪದ್ಧತಿ. ಅದನ್ನೇ ನಾವು ಕಮೋಡ್ ಎಂದು ಕರೆಯುತ್ತೇವೆ. ಮಂಡಿನೋವಿನ ಹಿರಿಯರಿಗೆ ಎರಡನೆಯದು ಅನುಕೂಲ. ಇವೆರಡೂ ಮೇಲಿನಿಂದ ನೋಡಲು ಬೇರೆ ಬೇರೆ. ಒಳಗಿನ ತತ್ತ್ವ ಮಾತ್ರ ಒಂದೇ. ಆ ತತ್ತ್ವ ಅಡಗಿರುವುದು ಟ್ರ್ಯಾಪಿನಲ್ಲಿ.

ಪ್ಯಾನಿನ ಕೆಳಗಿನ ಕೊಳವೆ ನೇರವಾಗಿ ಇಳಿದಿದ್ದರೆ ಏನಾಗುತ್ತಿತ್ತು? ಗುಂಡಿಯ ದುರ್ವಾಸನೆ, ನೊಣ, ಜಿರಳೆ ಎಲ್ಲವೂ ಅದೇ ದಾರಿಯಿಂದ ಮನೆಯೊಳಗೆ ಬರುತ್ತಿದ್ದವು. 1596ರಲ್ಲಿ ಇಂಗ್ಲೆಂಡಿನ ಸರ್ ಜಾನ್ ಹ್ಯಾರಿಂಗ್ಟನ್ ಎಂಬಾತ ನೀರು ಬಿಟ್ಟು ತೊಳೆಯುವ ಶೌಚಾಲಯವೊಂದನ್ನು ರೂಪಿಸಿ, ಅದರ ವಿವರವನ್ನು ಪುಸ್ತಕದಲ್ಲಿ ಪ್ರಕಟಿಸಿದ. ಆದರೆ ಅದು ಜನಬಳಕೆಗೆ ಬರಲಿಲ್ಲ. ವಾಸನೆಯನ್ನು ತಡೆಯುವ ಬಾಗು ಕೊಳವೆ ಅದರಲ್ಲಿರಲಿಲ್ಲ.

ಸುಮಾರು 180 ವರ್ಷಗಳ ನಂತರ, 1775ರಲ್ಲಿ, ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕ ಒಂದು ಸರಳ ಉಪಾಯಕ್ಕೆ ಪೇಟೆಂಟ್ ಪಡೆದ. ಕೊಳವೆಯನ್ನು ಇಂಗ್ಲಿಷಿನ ಎಸ್ ಅಕ್ಷರದಂತೆ ಬಗ್ಗಿಸಿದರೆ, ಬಾಗಿದ ಜಾಗದಲ್ಲಿ ಸ್ವಲ್ಪ ನೀರು ಯಾವಾಗಲೂ ನಿಂತಿರುತ್ತದೆ. ಮಲ ಮತ್ತು ನೀರು ಆ ಬಾಗನ್ನು ದಾಟಿ ಮುಂದೆ ಹೋಗಬಲ್ಲವು. ಅತ್ತಣ ಅನಿಲ ಇತ್ತ ಬರಲಾರದು. ನಿಂತ ನೀರೇ ಬಾಗಿಲು. ಇದಕ್ಕೆ ಜಲಮುದ್ರೆ ಅಥವಾ ವಾಟರ್ ಸೀಲ್ ಎಂದು ಹೆಸರು. ಕೊಳವೆ ನೆಲದೊಳಗೆ ನೇರ ಇಳಿಯುವಂತಿದ್ದರೆ ಎಸ್ ಟ್ರ್ಯಾಪ್. ಗೋಡೆಯ ಕಡೆಗೆ ಅಡ್ಡ ಹೋಗುವಂತಿದ್ದರೆ ಪಿ ಟ್ರ್ಯಾಪ್. ಗೌಂಡಿ ಇವುಗಳಲ್ಲಿ ಯಾವುದನ್ನು ಬರೆದಿದ್ದಾರೆ ಎಂಬುದರಿಂದಲೇ ಪೈಪು ಯಾವ ಕಡೆ ಹೊರಡುತ್ತದೆ ಎಂದು ಹೇಳಬಹುದು.

ಈ ನೀರಿನ ಆಳಕ್ಕೂ ಲೆಕ್ಕವಿದೆ. ಸಾಮಾನ್ಯ ಟ್ರ್ಯಾಪಿನಲ್ಲಿ ಅದು ಸುಮಾರು 50 ಮಿಲಿಮೀಟರ್. ಹಳ್ಳಿಗಳಿಗೆಂದು ರೂಪಿಸಿದ, ಇಳಿಜಾರು ಹೆಚ್ಚಿರುವ ಪ್ಯಾನಿನಲ್ಲಿ 20 ಮಿಲಿಮೀಟರ್ ಮಾತ್ರ. ಇದರಿಂದ ಏನು ಲಾಭ? ಕಡಿಮೆ ಆಳದ ನೀರನ್ನು ದಾಟಿಸಲು ಕಡಿಮೆ ನೀರು ಸಾಕು. ಒಂದೂವರೆ ಅಥವಾ ಎರಡು ಲೀಟರ್ ಸುರಿದರೆ ಪ್ಯಾನ್ ಚೊಕ್ಕಟವಾಗುತ್ತದೆ. ಹಳೆಯ ಸಿಸ್ಟರ್ನ್ ಒಂದು ಸಲಕ್ಕೆ 10 ಲೀಟರಿಗಿಂತ ಹೆಚ್ಚು ನೀರನ್ನು ಸುರಿಯುತ್ತಿತ್ತು. ಐದು ಜನರ ಮನೆಯಲ್ಲಿ ಒಬ್ಬೊಬ್ಬರು ದಿನಕ್ಕೆ ಒಮ್ಮೆ ಹೋದರೂ ಒಂದು ಪದ್ಧತಿಗೆ 10 ಲೀಟರ್, ಇನ್ನೊಂದಕ್ಕೆ 50 ಲೀಟರ್. ನಳ ಇರುವ ಮನೆಯವರಿಗೆ ಇದು ದೊಡ್ಡ ಮಾತಲ್ಲ. ಬೇಸಿಗೆಯಲ್ಲಿ ಬಾವಿಯಿಂದಲೋ ಟ್ಯಾಂಕರಿನಿಂದಲೋ ಕೊಡ ಹೊತ್ತು ತರುವ ಮನೆಯಲ್ಲಿ ಮಾತ್ರ ಇದು ಒಂದು ಕೊಡಕ್ಕೂ ಮೂರು ಕೊಡಕ್ಕೂ ಇರುವ ಅಂತರ. ಅಥಣಿಯ ಮೂಡಣ ಭಾಗದ ಒಣಭೂಮಿಯ ಹಳ್ಳಿಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಕೊಡ ಹೊರುವವರು ಯಾರು ಎಂಬುದೂ ನಿಮಗೆ ಗೊತ್ತೇ ಇದೆ.

ಸಿಸ್ಟರ್ನ್, ಪೈಪು, ಕೌಲ್

ಸಿಸ್ಟರ್ನ್ ಎಂದರೆ ನೀರು ಕೂಡಿಟ್ಟು ಒಮ್ಮೆಲೇ ಬಿಡುವ ಡಬ್ಬ. ಮುಚ್ಚಳ ತೆಗೆದು ನೋಡಿದರೆ ಒಳಗೆ ಒಂದು ತೇಲುವ ಚೆಂಡು ಕಾಣುತ್ತದೆ. ನೀರು ಏರಿದಂತೆ ಚೆಂಡು ಏರುತ್ತದೆ. ಚೆಂಡಿಗೆ ಜೋಡಿಸಿದ ಕಡ್ಡಿ ಮೇಲಕ್ಕೆ ಬಂದು ಒಳಬರುವ ನೀರಿನ ಬಾಯಿಯನ್ನು ಮುಚ್ಚುತ್ತದೆ. ಇದೇ ಬಾಲ್ ಕಾಕ್ ಅಥವಾ ಫ್ಲೋಟ್ ವಾಲ್ವ್. ನಿಮ್ಮ ಮನೆಯ ಸಿಸ್ಟರ್ನಿನಿಂದ ಸದಾ ನೀರು ಜಿನುಗುತ್ತಿದೆಯೇ? ಚೆಂಡು ತೂತಾಗಿರಬಹುದು, ಇಲ್ಲವೆ ವಾಲ್ವಿನ ವಾಷರ್ ಸವೆದಿರಬಹುದು. ಆರ್ಕಿಮಿಡೀಸನ ತತ್ತ್ವವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುವವರು ಒಮ್ಮೆ ಈ ಡಬ್ಬದೊಳಗೆ ಇಣುಕಿ ನೋಡಬೇಕು.

ಶೌಚಾಲಯವನ್ನು ಕಂಡುಹಿಡಿದವನು ಥಾಮಸ್ ಕ್ರ್ಯಾಪರ್ ಎಂಬ ಕಥೆಯನ್ನು ನೀವು ಕೇಳಿರಬಹುದು. ಅದು ಸರಿಯಲ್ಲ. ಆತ 19ನೆಯ ಶತಮಾನದ ಲಂಡನ್ನಿನ ಯಶಸ್ವಿ ಪ್ಲಂಬರ್ ಮತ್ತು ವ್ಯಾಪಾರಿ. ಇಂಥ ಯಂತ್ರಗಳನ್ನು ಒಬ್ಬನೇ ಕಂಡುಹಿಡಿಯುವುದಿಲ್ಲ. 1778ರಲ್ಲಿ ಜೋಸೆಫ್ ಬ್ರಾಮಾ ವಾಲ್ವನ್ನು ಸುಧಾರಿಸಿದ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಜಾರ್ಜ್ ಜೆನ್ನಿಂಗ್ಸ್ ಸಾರ್ವಜನಿಕರಿಗೆ ಶೌಚಾಲಯಗಳನ್ನು ಒದಗಿಸಿದ. 1880ರ ದಶಕದಲ್ಲಿ ಥಾಮಸ್ ಟ್ವೈಫೋರ್ಡ್ ಒಂದೇ ತುಂಡಿನ ಪಿಂಗಾಣಿ ಶೌಚಾಸನಗಳನ್ನು ತಯಾರಿಸಿದ.

ಪೈಪಿನ ವಿದ್ಯೆಯಲ್ಲಿ ನಮ್ಮವರೇನೂ ಹಿಂದೆ ಬಿದ್ದಿರಲಿಲ್ಲ. ಸುಮಾರು 4500 ವರ್ಷಗಳ ಹಿಂದೆಯೇ ಮೊಹೆಂಜೊದಾರೊ ಮತ್ತು ಲೋಥಲ್ ನಗರಗಳಲ್ಲಿ ಮನೆಯ ಬಚ್ಚಲಿನಿಂದ ಬೀದಿಯ ಇಟ್ಟಿಗೆ ಚರಂಡಿಗೆ ನೀರು ಹೋಗುವ ಏರ್ಪಾಟಿತ್ತು. ಅಥಣಿಯಿಂದ ಮೂಡಣಕ್ಕೆ ಹೋದರೆ ವಿಜಯಪುರ ಸಿಗುತ್ತದೆ. ಅಲ್ಲಿ ಆದಿಲಶಾಹಿಗಳು 17ನೆಯ ಶತಮಾನದಲ್ಲಿ ಬೇಗಂ ತಲಾಬ್ ಕೆರೆಯ ನೀರನ್ನು ಮಣ್ಣಿನ ಕೊಳವೆಗಳ ಮೂಲಕ ಊರಿಗೆ ಹರಿಸಿದರು. ಕೊಳವೆಯೊಳಗಿನ ಒತ್ತಡವನ್ನು ತಗ್ಗಿಸಲು ನಡುನಡುವೆ ಕಟ್ಟಿದ ಗೋಪುರಗಳಿಗೆ ‘ಗಂಜ್’ ಎಂದು ಹೆಸರು. ಒಳ್ಳೆಯ ನೀರನ್ನು ಮನೆಗೆ ತರುವ ವಿದ್ಯೆ ಇಷ್ಟು ಬೆಳೆದಿದ್ದ ನಾಡಿನಲ್ಲಿ, ಹೊಲಸನ್ನು ಹೊರಗೆ ಕಳಿಸುವ ವಿದ್ಯೆ ಏಕೆ ಬೆಳೆಯಲಿಲ್ಲ? ಈ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿಟ್ಟುಕೊಳ್ಳಿ.

ಕೊನೆಗೆ ಕೌಲ್. ಮನೆಯ ಹಿಂದೆ ಗೋಡೆಗುಂಟ ಮಾಳಿಗೆಯ ಮೇಲಕ್ಕೆ ಏರಿ ಹೋದ ಪೈಪನ್ನು ನೋಡಿರುತ್ತೀರಿ. ಅದು ವೆಂಟ್ ಪೈಪ್, ಅಂದರೆ ಗಾಳಿಕೊಳವೆ. ಅದರ ತಲೆಯ ಮೇಲಿನ ಟೊಪ್ಪಿಗೆಯೇ ಕೌಲ್. ಇದಕ್ಕೆ ಎರಡು ಕೆಲಸ. ತೊಟ್ಟಿಯಲ್ಲಿ ಹುಟ್ಟುವ ಅನಿಲವನ್ನು ಮೇಲೆ ಹೊರಗೆ ಬಿಡುವುದು ಒಂದು. ನೀರು ರಭಸದಿಂದ ಇಳಿಯುವಾಗ ಕೊಳವೆಯಲ್ಲಿ ನಿರ್ವಾತ ಉಂಟಾಗಿ ಟ್ರ್ಯಾಪಿನ ನೀರನ್ನೇ ಎಳೆದುಕೊಂಡು ಹೋಗದಂತೆ ಒಳಗೆ ಗಾಳಿ ಕೊಡುವುದು ಇನ್ನೊಂದು. ಕೌಲಿಗೆ ಸಣ್ಣ ಜಾಲರಿ ಕಟ್ಟದಿದ್ದರೆ ತೊಟ್ಟಿಯೊಳಗೆ ಸೊಳ್ಳೆಗಳ ಸಂಸಾರವೇ ನಡೆಯುತ್ತದೆ. 1970ರ ದಶಕದಲ್ಲಿ, ಇಂದಿನ ಜಿಂಬಾಬ್ವೆಯಲ್ಲಿ, ನೀರೇ ಇಲ್ಲದ ಹಳ್ಳಿಗಳಿಗಾಗಿ ಈ ಗಾಳಿಕೊಳವೆಯನ್ನೇ ಮುಖ್ಯವಾಗಿಟ್ಟುಕೊಂಡು ಒಂದು ಗುಂಡಿ ಶೌಚಾಲಯವನ್ನು ರೂಪಿಸಿದರು. ಕತ್ತಲ ಗುಂಡಿಯೊಳಗಿನ ನೊಣಗಳು ಕೊಳವೆಯ ತುದಿಯ ಬೆಳಕಿನತ್ತ ಹಾರಿ ಜಾಲರಿಗೆ ಸಿಕ್ಕಿಬೀಳುತ್ತವೆ.

ಪೈಪಿನ ಇನ್ನೊಂದು ತುದಿ

ಇಷ್ಟೆಲ್ಲ ಸಾಮಾನು ಜೋಡಿಸಿದ ಮೇಲೆ ಮನೆಯೊಳಗೆ ಚೊಕ್ಕಟ. ಆದರೆ ಪೈಪಿನ ಇನ್ನೊಂದು ತುದಿ ಎಲ್ಲಿದೆ? ಈ ಪ್ರಶ್ನೆಯನ್ನು ಮರೆತು ಲಂಡನ್ ನಗರ ದೊಡ್ಡ ಬೆಲೆ ತೆತ್ತಿತು. 19ನೆಯ ಶತಮಾನದಲ್ಲಿ ಅಲ್ಲಿ ಸಾವಿರಾರು ಮನೆಗಳಿಗೆ ಹೊಸ ಶೌಚಾಲಯಗಳು ಬಂದವು. ಅವುಗಳ ಹೊಲಸೆಲ್ಲ ಥೇಮ್ಸ್ ನದಿಗೆ ಹೋಯಿತು. ಅದೇ ನದಿಯಿಂದ ಜನ ಕುಡಿಯುವ ನೀರು ಪಡೆಯುತ್ತಿದ್ದರು. ಕಾಲರಾ ಮತ್ತೆ ಮತ್ತೆ ಬಂತು. 1854ರಲ್ಲಿ ಡಾಕ್ಟರ್ ಜಾನ್ ಸ್ನೋ ಬ್ರಾಡ್ ಸ್ಟ್ರೀಟ್ ಎಂಬಲ್ಲಿ ಸತ್ತವರ ಮನೆಗಳನ್ನು ನಕ್ಷೆಯ ಮೇಲೆ ಗುರುತಿಸಿ, ರೋಗ ಹರಡುತ್ತಿರುವುದು ಒಂದು ಕೈಪಂಪಿನ ನೀರಿನಿಂದ ಎಂದು ತೋರಿಸಿದರು. 1858ರ ಬೇಸಿಗೆಯಲ್ಲಿ ನದಿಯ ನಾತ ಪಾರ್ಲಿಮೆಂಟಿನ ಸದಸ್ಯರಿಗೂ ತಟ್ಟಿದ ಮೇಲೆ, ಎಂಜಿನಿಯರ್ ಜೋಸೆಫ್ ಬ್ಯಾಜಲ್‌ಗೆಟ್ ಅವರ ಯೋಜನೆಯಂತೆ ನಗರದಡಿ ದೊಡ್ಡ ಒಳಚರಂಡಿಗಳ ಕೆಲಸ ಪ್ರಾರಂಭವಾಯಿತು.

ಇದು ದೂರದ ಮಾತು ಎನಿಸಿದರೆ ಹತ್ತಿರದ್ದನ್ನೇ ನೋಡಿ. ಮಿರಜದಿಂದ ಬೆಳಗಾವಿಗೆ ಹೋಗುವ ರೈಲು ಶೇಡಬಾಳ, ಉಗಾರ ದಾಟಿ ಕುಡಚಿಗೆ ಬರುವ ಮುನ್ನ ಕೃಷ್ಣಾ ನದಿಯ ಸೇತುವೆಯ ಮೇಲೆ ಹಾಯುತ್ತದೆ. ದಶಕಗಳ ಕಾಲ ಭಾರತದ ರೈಲು ಡಬ್ಬಿಗಳ ಶೌಚಾಲಯಗಳಿಗೆ ಟ್ರ್ಯಾಪೂ ಇರಲಿಲ್ಲ, ತೊಟ್ಟಿಯೂ ಇರಲಿಲ್ಲ. ಕೊಳವೆಯ ಇನ್ನೊಂದು ತುದಿ ಹಳಿಯ ಮೇಲೆ ತೆರೆದಿತ್ತು. ಸೇತುವೆಯ ಮೇಲಾದರೆ ನದಿಯ ಮೇಲೆ. ನಿಲ್ದಾಣದಲ್ಲಿ ಬಿದ್ದದ್ದನ್ನು ಬಳಿಯಲು ಮನುಷ್ಯರೇ ಹಳಿಗೆ ಇಳಿಯಬೇಕಿತ್ತು. ರಕ್ಷಣಾ ಸಂಶೋಧನಾ ಸಂಸ್ಥೆಯೊಂದಿಗೆ ಸೇರಿ ರೂಪಿಸಿದ ಜೈವಿಕ ಶೌಚಾಲಯಗಳನ್ನು ರೈಲ್ವೆ ಇಲಾಖೆ 2011ರಲ್ಲಿ ಅಳವಡಿಸತೊಡಗಿತು. 2019ರ ಹೊತ್ತಿಗೆ ಬಹುಪಾಲು ಪ್ರಯಾಣಿಕ ಡಬ್ಬಿಗಳಿಗೆ ಅವು ಬಂದಿದ್ದವು. ಡಬ್ಬಿಯ ಕೆಳಗಿನ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಮಲವನ್ನು ನೀರು ಮತ್ತು ಅನಿಲವಾಗಿ ಒಡೆಯುತ್ತವೆ.

ಚೀಟಿಯಲ್ಲಿಲ್ಲದ ಹೆಸರು

ಈಗ ಮನಸ್ಸಿನಲ್ಲಿಟ್ಟುಕೊಂಡ ಪ್ರಶ್ನೆಗೆ ಬರೋಣ. ನಮ್ಮ ಪಟ್ಟಣಗಳಲ್ಲಿ ಜಲಮುದ್ರೆಯ ಶೌಚಾಲಯ ಬರುವ ಮೊದಲು ಇದ್ದದ್ದು ಒಣ ಶೌಚಾಲಯ. ಮೇಲೆ ಕೂರುವ ಕಟ್ಟೆ, ಕೆಳಗೆ ಒಂದು ಬುಟ್ಟಿ ಅಥವಾ ಡಬ್ಬ, ಹಿಂದಿನ ಓಣಿಗೆ ತೆರೆಯುವ ಒಂದು ಸಣ್ಣ ಬಾಗಿಲು. ಇಲ್ಲಿ ಟ್ರ್ಯಾಪಿಲ್ಲ, ಪೈಪಿಲ್ಲ, ಸಿಸ್ಟರ್ನಿಲ್ಲ. ಅವೆಲ್ಲವುಗಳ ಕೆಲಸವನ್ನು ಒಬ್ಬ ಮನುಷ್ಯ, ಅನೇಕ ಸಲ ಒಬ್ಬ ಹೆಂಗಸು, ಮಾಡುತ್ತಿದ್ದಳು. ಬೆಳಗಿನ ಜಾವ ಆ ಓಣಿಯಲ್ಲಿ ಬಂದು, ತುಂಬಿದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಹೋಗುತ್ತಿದ್ದಳು. ಮುಂಬಾಗಿಲಿನಿಂದ ಆಕೆಗೆ ಪ್ರವೇಶವಿರಲಿಲ್ಲ. ಪೈಪಿನ ಕೆಲಸವನ್ನು ಒಂದು ಜಾತಿಗೆ ಹುಟ್ಟಿನಿಂದಲೇ ಹೊರಿಸಿಬಿಟ್ಟಿದ್ದ ಸಮಾಜಕ್ಕೆ ಪೈಪನ್ನು ಕಂಡುಹಿಡಿಯುವ ತುರ್ತು ಎಲ್ಲಿಂದ ಬರಬೇಕು?

ಈ ತಾಲ್ಲೂಕುಗಳ ನೆಲದಲ್ಲಿ ಆ ವ್ಯವಸ್ಥೆಗೆ ಎದುರು ಮಾತೂ ಹುಟ್ಟಿದೆ. ಕೊಲ್ಲಾಪುರ ಸಂಸ್ಥಾನದ ಮಾಣಗಾವಿನಲ್ಲಿ 1920ರಲ್ಲಿ ನಡೆದ ಪರಿಷತ್ತಿನಲ್ಲಿ ಶಾಹು ಮಹಾರಾಜರೂ ಯುವಕ ಅಂಬೇಡ್ಕರರೂ ಒಟ್ಟಿಗೆ ಇದ್ದರು. 1925ರಲ್ಲಿ ನಿಪ್ಪಾಣಿಯಲ್ಲಿ ಸೇರಿದ ಮುಂಬಯಿ ಪ್ರಾಂತದ ಬಹಿಷ್ಕೃತ ವರ್ಗಗಳ ಪರಿಷತ್ತಿಗೆ ಡಾ. ಅಂಬೇಡ್ಕರ್ ಬಂದು ಮಾತನಾಡಿದರು. ಆಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ರಾಯಬಾಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು.

ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಮುಂಬಯಿ ಸರ್ಕಾರ ಮಲ ಹೊರುವವರ ಬದುಕನ್ನು ವಿಚಾರಿಸಲು ಬರ್ವೆ ಸಮಿತಿಯನ್ನು ನೇಮಿಸಿತು. ಘಟ್ಟದಾಚೆ ಕಣಕವಲಿಯ ಗೋಪುರಿ ಆಶ್ರಮದಲ್ಲಿ ಗಾಂಧೀಜಿಯವರ ಅನುಯಾಯಿ ಅಪ್ಪಾಸಾಹೇಬ ಪಟವರ್ಧನರು ಮನುಷ್ಯ ಹೊರಬೇಕಿಲ್ಲದ, ಮಲವೇ ಗೊಬ್ಬರವಾಗುವ ಸಂಡಾಸಗಳ ಪ್ರಯೋಗ ಮಾಡಿದರು. ಕರ್ನಾಟಕದಲ್ಲಿ ದೇವರಾಜ ಅರಸು ಅವರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದ ಮೊದಲ ವರ್ಷಗಳಲ್ಲೇ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಕೇಂದ್ರದ ಕಾನೂನು ಬಂದದ್ದು 1993ರಲ್ಲಿ. ಅದು ಕರ್ನಾಟಕ ಮತ್ತು ಮಹಾರಾಷ್ಟ್ರ ಎರಡರಲ್ಲೂ ಜಾರಿಗೆ ಬಂದದ್ದು 1997ರ ಜನವರಿ 26ರಂದು. ಕೋಲಾರ ಚಿನ್ನದ ಗಣಿಯ ವಸತಿಯಲ್ಲಿ ಮಲ ಹೊರುವವರ ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಈ ಪದ್ಧತಿಯ ವಿರುದ್ಧ ದೇಶದಾದ್ಯಂತ ಸಂಘಟನೆ ಕಟ್ಟಿದರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಕಾನೂನು ಬರೆದ ದಿನವೇ ಬುಟ್ಟಿ ಕೆಳಗಿಳಿಯಲಿಲ್ಲ. 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಈ ಕೆಲಸದ ಕುಟುಂಬಗಳವರು ತಮ್ಮ ಪಾಡನ್ನು ಊರಿಗೆ ತೋರಿಸಲು ಸಾರ್ವಜನಿಕವಾಗಿ ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡರು. ಮನುಷ್ಯರೇ ಮಲ ತೆಗೆಯುವ ಶೌಚಾಲಯಗಳು ದೇಶದಲ್ಲಿ ಸುಮಾರು 7.94 ಲಕ್ಷ ಇವೆ ಎಂದು 2011ರ ಜನಗಣತಿ ಹೇಳಿತು. 2013ರ ಹೊಸ ಕಾನೂನು ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕಿನೊಳಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನೂ ಅಪರಾಧವೆಂದಿತು. ಹಾಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟು 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು.

ಗುಂಡಿ ಒಂದೋ, ಎರಡೋ?

ಒಳಚರಂಡಿ ಇಲ್ಲದ ಊರುಗಳಲ್ಲಿ ಪೈಪಿನ ಇನ್ನೊಂದು ತುದಿ ಇರುವುದು ಮನೆಯ ಹಿಂದಿನ ನೆಲದಲ್ಲಿ. ಅಲ್ಲಿ ಇರುವುದನ್ನೆಲ್ಲ ನಾವು ‘ಸೆಪ್ಟಿಕ್ ಟ್ಯಾಂಕ್’ ಎಂದು ಕರೆದುಬಿಡುತ್ತೇವೆ. ಇಲ್ಲಿಯೇ ಹೆಸರಿನ ಗೊಂದಲ ಅಪಾಯ ತರುವುದು.

ನಿಜವಾದ ಸೆಪ್ಟಿಕ್ ಟ್ಯಾಂಕ್ ನೀರು ಸೋರದ ತೊಟ್ಟಿ. ಫ್ರಾನ್ಸಿನ ಮುರಾಸ್ ಎಂಬಾತ ಇಂಥದೊಂದನ್ನು ರೂಪಿಸಿ 1881ರಲ್ಲಿ ಪೇಟೆಂಟ್ ಪಡೆದ. ಭಾರವಾದದ್ದು ತಳಕ್ಕೆ ಇಳಿದು ರಾಡಿಯಾಗುತ್ತದೆ, ಹಗುರವಾದದ್ದು ಮೇಲೆ ಕೆನೆಗಟ್ಟುತ್ತದೆ. ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ರಾಡಿಯನ್ನು ನಿಧಾನವಾಗಿ ಕರಗಿಸುತ್ತವೆ. ನಡುವಿನ ನೀರು ಮಾತ್ರ ಟೀ ಆಕಾರದ ಪೈಪಿನಿಂದ ಹೊರಬಿದ್ದು ಇಂಗುಗುಂಡಿಗೆ ಹೋಗುತ್ತದೆ. ಆದ್ದರಿಂದ ಸೆಪ್ಟಿಕ್ ಟ್ಯಾಂಕಿಗೆ ಇಂಗುಗುಂಡಿ ಬೇಕೇ ಬೇಕು. ಎರಡು-ಮೂರು ವರ್ಷಕ್ಕೊಮ್ಮೆ ರಾಡಿಯನ್ನು ಯಂತ್ರದಿಂದ ಹೀರಿ ತೆಗೆಸಲೂ ಬೇಕು. ಒಳಗೆ ಮೀಥೇನ್ ಮತ್ತು ಹೈಡ್ರೋಜನ್ ಸಲ್ಫೈಡ್ ಅನಿಲಗಳಿರುತ್ತವೆ. ಎರಡನೆಯದು ಹೆಚ್ಚಿನ ಪ್ರಮಾಣದಲ್ಲಿದ್ದರೆ ಮೂಗಿನ ಅರಿವನ್ನೇ ಕೆಡಿಸುತ್ತದೆ. ವಾಸನೆ ಬರುತ್ತಿಲ್ಲವೆಂದು ಇಳಿದವರು ಕೆಲವೇ ಕ್ಷಣಗಳಲ್ಲಿ ಕುಸಿಯುತ್ತಾರೆ. ಅವರನ್ನು ಎತ್ತಲು ಇಳಿದವರೂ ಸಾಯುತ್ತಾರೆ. ಯಾರಾದರೂ ಬಿದ್ದರೆ ಇಳಿಯಬೇಡಿ. ಅಗ್ನಿಶಾಮಕ ದಳವನ್ನು ಕರೆಯಿರಿ.

ಎರಡನೆಯದು ಜೋಡಿಗುಂಡಿ ಪದ್ಧತಿ. ಡಾ. ಬಿಂದೇಶ್ವರ ಪಾಠಕ್ ಅವರು 1970ರಲ್ಲಿ ಬಿಹಾರದಲ್ಲಿ ಸುಲಭ್ ಸಂಸ್ಥೆಯನ್ನು ಸ್ಥಾಪಿಸಿ ಇದನ್ನು ಹರಡಿದರು. ಪ್ಯಾನಿನಿಂದ ಬಂದ ಪೈಪು ಒಂದು ಸಣ್ಣ ಚೇಂಬರಿನಲ್ಲಿ ಕವಲೊಡೆದು ಎರಡು ಗುಂಡಿಗಳಿಗೆ ಹೋಗುತ್ತದೆ. ಗುಂಡಿಯ ಗೋಡೆಯಲ್ಲಿ ಇಟ್ಟಿಗೆಗಳ ನಡುವೆ ಸಂದು ಬಿಟ್ಟಿರುತ್ತಾರೆ. ನೀರು, ಅನಿಲ ಮಣ್ಣಿಗೆ ಇಂಗುತ್ತವೆ. ಒಂದು ಕವಲನ್ನು ಮುಚ್ಚಿ ಒಂದು ಗುಂಡಿಯನ್ನು ಬಳಸಬೇಕು. ಅದು ತುಂಬಿದಾಗ ಅದನ್ನು ಮುಚ್ಚಿ ಇನ್ನೊಂದನ್ನು ತೆರೆಯಬೇಕು. ಎರಡು ವರ್ಷ ಸುಮ್ಮನೆ ಬಿಟ್ಟರೆ ಮೊದಲ ಗುಂಡಿಯಲ್ಲಿರುವುದು ವಾಸನೆಯಿಲ್ಲದ ಒಣ ಗೊಬ್ಬರವಾಗುತ್ತದೆ. ಅದನ್ನು ಮನೆಯವರೇ ತೆಗೆದು ಹೊಲಕ್ಕೆ ಹಾಕಬಹುದು. ಇನ್ನೊಬ್ಬರ ಮಲವನ್ನು ಯಾರೂ ಹೊರಬೇಕಿಲ್ಲ. ಇದರ ಬೆಲೆ ಇರುವುದೇ ಅಲ್ಲಿ.

ಮೂರನೆಯದು ನಮ್ಮಲ್ಲಿ ಬಹಳ ಕಾಣುವಂಥದು: ಒಂದೇ ಒಂದು ಆಳವಾದ ಗುಂಡಿ. ‘ದೊಡ್ಡದು ಮಾಡಿದರೆ ಇಪ್ಪತ್ತು ವರ್ಷ ಚಿಂತೆಯಿಲ್ಲ’ ಎಂಬ ಲೆಕ್ಕಾಚಾರ. ಇದು ಸೆಪ್ಟಿಕ್ ಟ್ಯಾಂಕೂ ಅಲ್ಲ, ಜೋಡಿಗುಂಡಿಯೂ ಅಲ್ಲ. ತುಂಬಿದ ದಿನ ಅದರೊಳಗೆ ಹಸಿ ಮಲವೇ ಇರುತ್ತದೆ. ಯಂತ್ರ ಸಿಗದ ಊರಿನಲ್ಲಿ ಆಗ ಯಾರನ್ನು ಕರೆಯುತ್ತಾರೆ? ಆ ಹಳೆಯ ಓಣಿಯ ಬಾಗಿಲು ಮತ್ತೆ ತೆರೆದಂತಾಯಿತು.

ಇಲ್ಲಿನ ನೆಲದ ಗುಣವನ್ನೂ ನೋಡಬೇಕು. ಕೃಷ್ಣಾ ತೀರದ ಎರೆಮಣ್ಣು ನೀರು ಬಿದ್ದರೆ ಉಬ್ಬಿ ತನ್ನ ಸಂದುಗಳನ್ನು ಮುಚ್ಚಿಕೊಳ್ಳುತ್ತದೆ. ನೀರು ಬೇಗ ಇಂಗುವುದಿಲ್ಲ. ಅಲ್ಲಿ ಗುಂಡಿಯನ್ನು ಅಗಲವಾಗಿ ತೋಡಿ, ಸುತ್ತಲೂ ಮರಳು ತುಂಬಿಸಬೇಕಾಗುತ್ತದೆ. ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯ ಊರುಗಳಲ್ಲಿ ಮಳೆಗಾಲಕ್ಕೆ ಅಂತರ್ಜಲ ಮೇಲೇರುತ್ತದೆ. ಗುಂಡಿ ಆಳವಾದಷ್ಟೂ ಅದರ ಹೊಲಸು ಬಾವಿಯ ನೀರನ್ನು ಮುಟ್ಟುವುದು ಸುಲಭ. 2005, 2019 ಮತ್ತು 2021ರ ಮಹಾಪೂರಗಳನ್ನು ಕಂಡ ಊರುಗಳಲ್ಲಿ ಗುಂಡಿಯ ಬಾಯಿಯನ್ನು ನೆಲಮಟ್ಟದಿಂದ ಎತ್ತರಿಸಿ ಕಟ್ಟುವುದು ಜಾಣತನ. 2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನದಲ್ಲಿ ಹಳ್ಳಿಯ ಮನೆಗಳಿಗೆ 12,000 ರೂಪಾಯಿ ಪ್ರೋತ್ಸಾಹಧನ ದೊರೆತು ಕೋಣೆಗಳು ಎದ್ದವು. ಬಯಲಿಗೆ ಹೋಗುವ ಕುಟುಂಬಗಳು ದೇಶದಲ್ಲಿ 2015-16ರಲ್ಲಿ ಶೇಕಡಾ 39 ಇದ್ದದ್ದು 2019-21ರಲ್ಲಿ ಶೇಕಡಾ 19ಕ್ಕೆ ಇಳಿಯಿತು ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಿಳಿಸಿತು. ದೊಡ್ಡ ಬದಲಾವಣೆಯೇ ಸರಿ. ಆದರೆ ಕೋಣೆಯ ಫೋಟೋ ತೆಗೆಯುವುದು ಸುಲಭ. ನೆಲದ ಕೆಳಗಿನ ಗುಂಡಿ ಫೋಟೋದಲ್ಲಿ ಕಾಣುವುದಿಲ್ಲ.

ನಿಮಗೊಂದು ಕೆಲಸ

ಈ ಭಾನುವಾರ ಒಂದು ಹಾಳೆ, ಪೆನ್ಸಿಲ್ ಹಿಡಿದು ನಿಮ್ಮ ಮನೆಯ ಶೌಚಾಲಯದ ನಕ್ಷೆ ಬರೆಯಿರಿ. ಪ್ಯಾನ್ ಎಲ್ಲಿ, ಟ್ರ್ಯಾಪ್ ಪಿ ಅಕ್ಷರದ್ದೋ ಎಸ್ ಅಕ್ಷರದ್ದೋ, ಪೈಪು ಯಾವ ದಿಕ್ಕಿಗೆ ಹೊರಡುತ್ತದೆ, ಚೇಂಬರ್ ಎಲ್ಲಿದೆ, ಗಾಳಿಕೊಳವೆಗೆ ಕೌಲ್ ಮತ್ತು ಜಾಲರಿ ಇವೆಯೇ, ಗುಂಡಿ ಒಂದೋ ಎರಡೋ, ಬಾವಿ ಅಥವಾ ಬೋರ್‌ವೆಲ್ ಅದರಿಂದ ಎಷ್ಟು ಹೆಜ್ಜೆ ದೂರವಿದೆ - ಎಲ್ಲವನ್ನೂ ಗುರುತಿಸಿ. ಯಾವ ಮುಚ್ಚಳವನ್ನೂ ನೀವಾಗಿಯೇ ತೆರೆಯಬೇಡಿ. ಮನೆ ಕಟ್ಟಿದ ಗೌಂಡಿಯನ್ನೋ ಹಿರಿಯರನ್ನೋ ಕೇಳಿ ತಿಳಿದುಕೊಳ್ಳಿ. ಶಾಲೆಯಲ್ಲೂ ಇದನ್ನೇ ಮಾಡಿ. ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಶೌಚಾಲಯ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಅಲ್ಲಿ ನೀರಿದೆಯೇ, ಬಾಗಿಲಿಗೆ ಒಳಚಿಲಕವಿದೆಯೇ ಎಂದು ಗೊತ್ತಿರುವುದು ಅದನ್ನು ಬಳಸುವ ನಿಮಗೇ.

ನಕ್ಷೆಯ ಕೆಳಗೆ ಒಂದು ಸಾಲು ಬಿಡಿ. ಅದರಲ್ಲಿ ಈ ಪ್ರಶ್ನೆಗೆ ಉತ್ತರ ಬರೆಯಿರಿ: ಈ ಗುಂಡಿ ತುಂಬಿದ ದಿನ ಅದನ್ನು ಖಾಲಿ ಮಾಡುವವರು ಯಾರು, ಹೇಗೆ? ಉತ್ತರ ಸಿಗದಿದ್ದರೆ ಮನೆಯಲ್ಲಿ ಆ ಮಾತು ಎತ್ತಿ. ಗದರಿದರೂ ಪರವಾಗಿಲ್ಲ. ನಕ್ಷೆಯನ್ನು ಮನೆಯ ಕಾಗದಪತ್ರಗಳ ಜೊತೆ ಇಡಿ. ಹತ್ತು ವರ್ಷಗಳ ನಂತರ ಆ ಮುಚ್ಚಳವನ್ನು ತೆರೆಯಬೇಕಾದವರಿಗೆ, ಅವರು ಯಾರೇ ಆಗಿರಲಿ, ಅದು ಬೇಕಾಗುತ್ತದೆ.